ಐದನೆಯ ಮನೆ

ನಿಯಮ ಸರಳ: ಮತಗಟ್ಟೆಗೆ ಬೆನ್ನು ಮಾಡಿ ನಿಲ್ಲು,
ಬಲಕ್ಕೆ ತಿರುಗು, ನಾಲ್ಕು ಮನೆ ಬಿಡು,
ಐದನೆಯದರ ಬಾಗಿಲು ತಟ್ಟು.
ಶಿವಮೊಗ್ಗದ ಲಾಡ್ಜೊಂದರ ಹಾಲಿನಲ್ಲಿ
ಎರಡು ದಿನ ತರಬೇತಿ, ಮಧ್ಯಾಹ್ನ ಪಲಾವು.
ಹೈದರಾಬಾದಿನಿಂದ ಬಂದ ಮೇಲ್ವಿಚಾರಕ
ಬಿಳಿಹಲಗೆಯ ಮೇಲೆ ಚೌಕ ಚೌಕ ಮನೆ ಬರೆದು
ನಡುವೆ ಬೀದಿ ಎಳೆದ, ಸ್ಕೇಲಿಟ್ಟು.

ವಿನೋಬನಗರದಲ್ಲಿ ಅದು ನಡೆಯಿತು.
ಐದನೆಯ ಮನೆ, ಹತ್ತನೆಯ ಮನೆ, ಗೇಟು, ನಾಯಿ,
"ಯಜಮಾನ್ರು ಇಲ್ಲ, ಆಮೇಲೆ ಬನ್ನಿ."
ಆಮೇಲೆ ಹೋದೆ. ಆಗಲೂ ಇಲ್ಲ.
ಇಲ್ಲದವರಿಗೂ ನಮೂನೆಯಲ್ಲಿ ಒಂದು ಸಂಖ್ಯೆ ಇದೆ:
ತೊಂಬತ್ತೊಂಬತ್ತು.

ಹೊಸನಗರದ ಆಚೆ, ಕಾರೇಹಕ್ಲಿನಲ್ಲಿ,
ಶಾಲೆಗೆ ಬೆನ್ನು ಮಾಡಿ ನಿಂತರೆ
ಬಲಕ್ಕೆ ಗುಡ್ಡ.
ಮೊದಲ ಮನೆ ಕಾಣುತ್ತದೆ. ಎರಡನೆಯದರ ಹೊಗೆ ಕಾಣುತ್ತದೆ.
ಮೂರನೆಯದು ಇದೆ ಎಂದು ಯಾರೋ ಹೇಳಿದರು.
ಐದನೆಯದಕ್ಕೆ ಹಳ್ಳ ದಾಟಬೇಕು,
ಸಂಕದ ಮೇಲೆ, ಒಬ್ಬೊಬ್ಬರೇ.

ಜೊತೆಗಾರ ಗಿರಿಧರ ಬಸ್‌ಸ್ಟ್ಯಾಂಡಿನ ಕಟ್ಟೆ ಬಿಡಲಿಲ್ಲ.
"ಜನ ಇಲ್ಲಿಗೇ ಬರ್ತಾರೆ, ನಾವ್ಯಾಕೆ ಹೋಗೋದು?"
ಮೂರು ಗಂಟೆಯ ಬಸ್ಸು ತಡವಾದಷ್ಟೂ
ಅವನ ಹಾಳೆಗಳು ತುಂಬಿದವು.
ಬಸ್ಸಿಗೆ ಕಾಯುವವರು, ಕಾಯುವವರನ್ನು ನೋಡಲು ಬಂದವರು,
ಕೇಳುವ ಮೊದಲೇ ಹೇಳುವವರು:
ಇಪ್ಪತ್ತೆರಡು. ಉಳಿದ ಎಂಟನ್ನು
ಮಂಡಕ್ಕಿ ಮೆಲ್ಲುತ್ತ ಅವನೇ ಹೇಳಿಕೊಂಡ,
ಅದರಲ್ಲಿ ಐದು ಹೆಂಗಸರ ಹೆಸರಿನಲ್ಲಿ.

ನಾನು ನಡೆದೆ. ಪ್ರಾಮಾಣಿಕಳೆಂದಲ್ಲ,
ಅವನ ಬೀಡಿ ವಾಸನೆ ಆಗುತ್ತಿರಲಿಲ್ಲ.

ಐದನೆಯ ಮನೆಯಲ್ಲಿ ಬಂಗಾರಮ್ಮ
ಜಗಲಿಯ ಮೇಲೆ ಕಾಲು ಚಾಚಿ ಕೂಣಿ ಕಟ್ಟುತ್ತಿದ್ದಳು.
ಮಳೆ ಹಿಡಿಯಲು ಇನ್ನೂ ತಿಂಗಳ ಮೇಲಿತ್ತು;
ಹತ್ತುಮೀನಿಗೆ ಈಗಲೇ ಬಿದಿರುಕಡ್ಡಿಯ ಸಾಲು.

ಈ ಸಲ ನಿಮ್ಮ ಮತ ಯಾರಿಗೆ?
ನನ್ನ ಕೊರಳಪಟ್ಟಿಯ ಬಣ್ಣ ನೋಡಿದಳು,
ಚಪ್ಪಲಿ ನೋಡಿದಳು, ಊರು ಕೇಳಿದಳು,
ಅಪ್ಪನ ಹೆಸರು ಕೇಳಿದಳು, ಆಮೇಲೆ
ಒಂದು ಪಕ್ಷದ ಹೆಸರು ಹೇಳಿದಳು,
ಬಿಸಿಲಲ್ಲಿ ಬಂದವರಿಗೆ ಬೆಲ್ಲನೀರು ಕೊಡುವ ಹಾಗೆ,
ನನಗೆ ಇಷ್ಟವಾಗಬಹುದೆಂದು.

ಗುರುತು ಹಾಕಿದೆ. ಖಂಡಿತವೇ, ಬದಲಾಗಬಹುದೇ?
"ಮಗ ಕೇಳ್ದಾಗ ಬೇರೆ ಹೇಳಿದೀನಿ.
ಚೀಟಿ ಕೊಡೋಕೆ ಬಂದೋರಿಗೆ ಇನ್ನೊಂದು.
ಆ ಮಿಷನ್ನು ಎಂತದೂ ಕೇಳಲ್ಲ ನೋಡು,
ಹಂಗಾಗಿ ಅದ್ರ ಹತ್ರ ನಿಜ ಹೇಳ್ತೀನಿ."
ಇದಕ್ಕೆ ನಮೂನೆಯಲ್ಲಿ ಸಂಖ್ಯೆ ಇರಲಿಲ್ಲ.

"ಒಟ್ಟು ಎಷ್ಟು ಜನಾನ ಕೇಳ್ತೀ ಮಾರಾಯ್ತಿ?"
ತಲಾ ಮೂವತ್ತು ಎಂದೆ. ಜಂಬದಿಂದ
ಅನ್ನದ ಅಗುಳಿನ ಮಾತನ್ನೂ ಸೇರಿಸಿದೆ:
ಒಂದು ಹಿಸುಕಿದರೆ ಸಾಕು, ಚರಿಗೆಯೆಲ್ಲ ತಿಳಿಯುತ್ತದೆ.
"ಸೌಟು ಹಾಕಿ ತಿರುವಿದ್ರೆ," ಎಂದಳು.
"ಇಲ್ದಿದ್ರೆ ತಳ ಸೀದಿರುತ್ತೆ, ಮೇಲೆ ಅಕ್ಕಿ."
ಆಮೇಲೆ ಕೂಣಿಯ ಬಾಯಿ ನನ್ನ ಕಡೆ ತಿರುಗಿಸಿ:
"ಇದಕ್ಕೆ ಬೀಳೋದು ಹತ್ತೋ ಮೀನು.
ಮಡುವಲ್ಲಿ ಸುಮ್ನೆ ಇರೋದು ಬೀಳಲ್ಲ.
ಕೂಣಿ ನೋಡಿ, ಹೊಳೆ ಇಷ್ಟೇ ಅನ್ನೋಕಾಗುತ್ತಾ?"

ವಾರ ಕಳೆದು ಟಿವಿಯಲ್ಲಿ ಬಣ್ಣದ ಕಂಬಗಳು ಎದ್ದವು.
ನಿರೂಪಕ ದಶಾಂಶದ ಆಚೆಯವರೆಗೂ ಕೂಗಿದ.
ತಳದಲ್ಲಿ ಓಡುವ ಇರುವೆ ಅಕ್ಷರಗಳಲ್ಲಿ
ಶೇಕಡಾ ಮೂರು ಹೆಚ್ಚುಕಡಿಮೆ ಎಂದಿತ್ತು.
ಆ ಮೂರರೊಳಗೆ ಸಂಕ ಇರಲಿಲ್ಲ, ಮಂಡಕ್ಕಿ ಇರಲಿಲ್ಲ,
ಬೆಲ್ಲನೀರಂತೂ ಇರಲೇ ಇಲ್ಲ.
ಕೇಳಬೇಕಾದವರನ್ನೇ ಕೇಳಿ, ಅವರು ನಿಜವನ್ನೇ ಹೇಳಿ,
ಆಮೇಲೂ ಉಳಿಯುವ ತಪ್ಪಿನ ಅಳತೆ ಅದು.

ಇಷ್ಟಾಗಿಯೂ, ಎಣಿಕೆಯ ದಿನ,
ಸಮೀಕ್ಷೆ ಸರಿಯಾಗಿತ್ತು.
ಕಾರೇಹಕ್ಲಿನ ಮಟ್ಟಿಗೆ ಗಿರಿಧರನ ಮೂವತ್ತು
ಕೂದಲೆಳೆಯಷ್ಟು ಹತ್ತಿರ;
ನಾನು ಹಿಮ್ಮಡಿ ಒಡೆದುಕೊಂಡು ತಂದದ್ದು ಎಲ್ಲೋ ದೂರ.
ಮುಂದಿನ ಸಲ ಅವನೇ ಮೇಲ್ವಿಚಾರಕನಂತೆ,
ಬಿಳಿಹಲಗೆಯ ಮುಂದೆ, ಸ್ಕೇಲು ಹಿಡಿದು.
ಕತ್ತಲಲ್ಲಿ ಎಸೆದ ಕಲ್ಲಿಗೆ ಕಾಯಿ ಬಿದ್ದರೆ
ಹೊಗಳಬೇಕಾದ್ದು ಕಲ್ಲನ್ನೋ, ಕತ್ತಲನ್ನೋ?

ಹೇಳದೆ ಬಿಟ್ಟದ್ದು ಒಂದಿದೆ.
ಹೊರಟು ನಿಂತಾಗ ಬಂಗಾರಮ್ಮ ಕೇಳಿದ್ದಳು:
"ನೀ ಯಾರಿಗೆ ಹಾಕ್ತೀ?"
ನಾನು ಅವಳ ಮುಖ ನೋಡಿದೆ,
ಗೋಡೆಯ ಕ್ಯಾಲೆಂಡರಿನಲ್ಲಿ ಯಾರ ಚಿತ್ರ ಎಂದು ನೋಡಿದೆ,
ಆಮೇಲೆ
ಒಂದು ಹೆಸರು ಹೇಳಿದೆ.